ಕಳ್ಳಿ ತಿಂದ ಪತಂಗ ಕಡಲು ದಾಟಿದಾಗ

ಪಾಪಾಸುಕಳ್ಳಿಯನ್ನು ಹತ್ತಿರದಿಂದ ನೋಡುವಾಗ ಕೆಲವೊಮ್ಮೆ ಒಂದು ಮುಳ್ಳು ಮಾತ್ರ ಉಳಿದವುಗಳಂತಿರದೆ ಸ್ವಲ್ಪ ಬಾಗಿರುತ್ತದೆ. ಭೂತಗನ್ನಡಿ ಹಿಡಿದರೆ ಗೊತ್ತಾಗುತ್ತದೆ, ಅದು ಮುಳ್ಳಲ್ಲ, ಮೊಟ್ಟೆಗಳ ಕಡ್ಡಿ. ನಾಣ್ಯ ಪೇರಿಸಿದ ಹಾಗೆ 50ರಿಂದ 90 ಮೊಟ್ಟೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಇಟ್ಟದ್ದು ಕ್ಯಾಕ್ಟೊಬ್ಲಾಸ್ಟಿಸ್ ಎಂಬ ಮಾಸಲು ಬಣ್ಣದ ಪತಂಗ. ಮರಿಹುಳುಗಳು ಹೊರಬಂದವೆಂದರೆ ಎಲ್ಲವೂ ಸೇರಿ ಒಂದೇ ಕಡೆ ತೂತು ಕೊರೆದು ಒಳನುಗ್ಗುತ್ತವೆ. ತಿರುಳು ಮುಗಿಯುವವರೆಗೆ ತಿನ್ನುತ್ತವೆ. ಕೊನೆಗೆ ಉಳಿಯುವುದು ಬರೀ ಸಿಪ್ಪೆ.

ಹೊರಗಿನಿಂದ ಬಂದು ಹಾವಳಿ ಮಾಡುವ ಆಕ್ರಮಣಕಾರಿ ಪ್ರಭೇದಗಳ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಪುಟ್ಟ ಪತಂಗ. ಅದು ಒಂದು ಕಡೆ ಮದ್ದಾಯಿತು, ಇನ್ನೊಂದು ಕಡೆ ತಾನೇ ರೋಗವಾಯಿತು.

1788ರಲ್ಲಿ ಆಸ್ಟ್ರೇಲಿಯಾಕ್ಕೆ ಬಂದ ಬ್ರಿಟಿಷರ ಮೊದಲ ಹಡಗುಗಳಲ್ಲೇ ಪಾಪಾಸುಕಳ್ಳಿಯೂ ಇತ್ತು. ಅದರ ಮೇಲೆ ಬದುಕುವ ಕೊಚಿನಿಯಲ್ ಕೀಟದಿಂದ ಕೆಂಪು ಬಣ್ಣ ತೆಗೆಯುವುದು ಉದ್ದೇಶ. ಬಣ್ಣದ ಉದ್ಯಮ ಕೈಗೂಡಲಿಲ್ಲ. ಆದರೆ ಆಮೇಲೆ ಬೇಲಿಗೆಂದು ನೆಟ್ಟ ಬೇರೆ ಜಾತಿಯ ಕಳ್ಳಿ ಬೇಲಿಯಲ್ಲೇ ನಿಲ್ಲಲಿಲ್ಲ. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು, ಮುರಿದು ಬಿದ್ದ ತುಂಡೂ ಬೇರೂರಿತು. 1920ರ ದಶಕದ ಹೊತ್ತಿಗೆ ಅದು ಆವರಿಸಿದ್ದು ಸುಮಾರು 2.4 ಕೋಟಿ ಹೆಕ್ಟೇರ್. ಕಡಿದರು, ಸುಟ್ಟರು, ವಿಷ ಸುರಿದರು. ಎಷ್ಟೋ ರೈತರು ಜಮೀನನ್ನೇ ಬಿಟ್ಟು ಹೋದರು.

ತವರಿನಲ್ಲಿ ಸಾಧುವಾಗಿದ್ದ ಗಿಡಕ್ಕೆ ಇಲ್ಲಿ ಇಷ್ಟು ಸೊಕ್ಕು ಎಲ್ಲಿಂದ ಬಂತು? ತವರಿನಲ್ಲಿ ಅದನ್ನು ಕೊರೆಯುವ ಹುಳು, ಹೀರುವ ಕೀಟ, ಕೊಳೆಸುವ ಶಿಲೀಂಧ್ರ ಎಲ್ಲವೂ ಇದ್ದವು. ಕಡಲು ದಾಟುವಾಗ ಗಿಡ ಬಂತು, ಶತ್ರುಗಳು ಅಲ್ಲೇ ಉಳಿದವು. ಹೊರಗಿನಿಂದ ಬಂದದ್ದೆಲ್ಲ ಹೀಗೆ ಹಾವಳಿ ಮಾಡುವುದಿಲ್ಲ ಎನ್ನುವುದನ್ನೂ ಹೇಳಬೇಕು. ಮನುಷ್ಯರ ಮೂಲಕ ಹೊಸ ನೆಲ ಸೇರಿದ ಪ್ರಭೇದಗಳು 37,000ಕ್ಕೂ ಹೆಚ್ಚು, ಅವುಗಳಲ್ಲಿ ಹಾನಿಕಾರಕವೆಂದು ದಾಖಲಾದವು 3,500ಕ್ಕೂ ಹೆಚ್ಚು ಎನ್ನುತ್ತದೆ ಜೀವವೈವಿಧ್ಯದ ಸ್ಥಿತಿಗತಿ ಅಳೆಯುವ ಅಂತರಸರ್ಕಾರಿ ಸಂಸ್ಥೆ ಐಪಿಬಿಇಎಸ್‌ನ 2023ರ ವರದಿ. ಆದರೆ ಜಗತ್ತಿನಲ್ಲಿ ದಾಖಲಾದ ಜೀವಿಗಳ ಅಳಿವಿನಲ್ಲಿ ಶೇ. 60ರಷ್ಟಕ್ಕೆ ಈ ಹಾನಿಕಾರಕ ಗುಂಪಿನ ಪಾಲೂ ಇದೆ.

ಶತ್ರು ಹಿಂದುಳಿದದ್ದೇ ಕಾರಣವಾದರೆ ಶತ್ರುವನ್ನೂ ಕರೆತಂದರಾಯಿತಲ್ಲ? 1925ರಲ್ಲಿ ಅರ್ಜೆಂಟೀನಾದಿಂದ ಸುಮಾರು 3,000 ಪತಂಗದ ಮೊಟ್ಟೆಗಳು ಆಸ್ಟ್ರೇಲಿಯಾಕ್ಕೆ ಬಂದವು. ಹುಳು ಬೆಳೆಗಳಿಗೆ ಬಾಯಿ ಹಾಕುವುದಿಲ್ಲವೆಂದು ಪರೀಕ್ಷಿಸಿ ನೋಡಿಯೇ ಮರುವರ್ಷ ಹೊರಗೆ ಬಿಟ್ಟರು. ಏಳೆಂಟು ವರ್ಷಗಳಲ್ಲಿ ಕಳ್ಳಿಯ ಕಾಡು ಕೊಳೆತು ನೆಲಕ್ಕೊರಗಿತು. ಕ್ವೀನ್ಸ್‌ಲ್ಯಾಂಡಿನ ಬೂನಾರ್ಗಾದ ಜನ ಒಂದು ಸಭಾಭವನಕ್ಕೆ ಈ ಪತಂಗದ ಹೆಸರನ್ನೇ ಇಟ್ಟರು. ಹುಳುವಿನ ನೆನಪಿಗೊಂದು ಕಟ್ಟಡ! ಆ ಕೃತಜ್ಞತೆ ನನಗೆ ಪೂರ್ತಿ ಅರ್ಥವಾಗುತ್ತದೆ.

ಆ ಗೆಲುವಿನ ಬೆನ್ನಲ್ಲೇ, 1935ರಲ್ಲಿ, ಕಬ್ಬಿನ ದುಂಬಿ ತಿನ್ನಲೆಂದು ಹವಾಯಿಯಿಂದ ಕೇನ್ ಟೋಡ್ ಎಂಬ ನೆಲಗಪ್ಪೆಯನ್ನು ಅದೇ ಕ್ವೀನ್ಸ್‌ಲ್ಯಾಂಡಿಗೆ ತಂದರು. ದುಂಬಿಗಳು ಕಬ್ಬಿನ ಮೇಲ್ಭಾಗದಲ್ಲಿ, ಕಪ್ಪೆ ನೆಲದಲ್ಲಿ. ದುಂಬಿ ಉಳಿಯಿತು. ಕಪ್ಪೆಯನ್ನು ಹಿಡಿದು ತಿಂದ ಕ್ವೋಲ್, ಉಡಗಳಂಥ ಸ್ಥಳೀಯ ಪ್ರಾಣಿಗಳು ಅದರ ವಿಷಕ್ಕೆ ಸತ್ತವು. ಪತಂಗ ತಿನ್ನುವುದು ಕಳ್ಳಿ ಒಂದನ್ನೇ, ಈ ಕಪ್ಪೆಯೋ ಬಾಯಿಗೆ ಸಿಕ್ಕಿದ್ದನ್ನೆಲ್ಲ ನುಂಗುತ್ತದೆ. ಜೈವಿಕ ನಿಯಂತ್ರಣ, ಅಂದರೆ ಒಂದು ಜೀವಿಯಿಂದ ಇನ್ನೊಂದರ ಹಾವಳಿ ತಡೆಯುವ ಕೆಲಸ, ಮಾಡುವವರು ಇಂದು ಮೊದಲು ನೋಡುವುದೇ ಈ ವ್ಯತ್ಯಾಸವನ್ನು.

ಆದರೆ ಕಳ್ಳಿಯನ್ನಷ್ಟೇ ತಿನ್ನುತ್ತದೆ ಎಂಬ ಭರವಸೆ ಆಸ್ಟ್ರೇಲಿಯಾದಲ್ಲಿ ಸಾಕಿತ್ತು, ಏಕೆಂದರೆ ಅಲ್ಲಿಗೆ ಸ್ವಂತದ್ದೆನ್ನುವ ಕಳ್ಳಿಯೇ ಇಲ್ಲ. 1957ರಲ್ಲಿ ಇದೇ ಪತಂಗವನ್ನು ಕೆರಿಬಿಯನ್ನಿನ ನೆವಿಸ್ ದ್ವೀಪದಲ್ಲಿ ಬಿಟ್ಟಾಗ ಪರಿಸ್ಥಿತಿಯೇ ಬೇರೆ. ಅಲ್ಲಿ ಪಾಪಾಸುಕಳ್ಳಿ ನೆಲದ ಮಗಳು. ಪತಂಗ ದ್ವೀಪದಿಂದ ದ್ವೀಪಕ್ಕೆ ಹರಡಿತು. 1989ರಲ್ಲಿ ಫ್ಲೋರಿಡಾದಲ್ಲಿ ಕಾಣಿಸಿಕೊಂಡು, ಅಲ್ಲಿನ ಅಪರೂಪದ ಕಳ್ಳಿಗಳನ್ನೂ ಕೊರೆಯತೊಡಗಿತು. ಮುಂದಿನ ದಾರಿ ಮೆಕ್ಸಿಕೊ. ಅಲ್ಲಿ ಕಳ್ಳಿ ಜನರ ಊಟ, ದನಗಳ ಮೇವು, ದೇಶದ ಬಾವುಟದ ಮೇಲಿನ ಗಿಡ.

ಮೆಕ್ಸಿಕೊ ಮೊದಲೇ ಎಚ್ಚೆತ್ತಿತ್ತು. 2006ರಲ್ಲಿ ಇಸ್ಲಾ ಮುಹೆರೆಸ್ ದ್ವೀಪದಲ್ಲಿ ಪತಂಗ ಸಿಕ್ಕಿತು, ಮರುವರ್ಷ ಪಕ್ಕದ ಇಸ್ಲಾ ಕೊಂಟೊಯ್‌ನಲ್ಲಿ. ಎರಡೂ ಪುಟ್ಟ ದ್ವೀಪಗಳು, ಇನ್ನೂ ಹುಳುಗಳೂ ಕಡಿಮೆ. ಕಾಯುತ್ತ ಕೂರಲಿಲ್ಲ. ಹೆಣ್ಣು ಪತಂಗದ ವಾಸನೆಯ ಬಲೆ ಒಡ್ಡಿದರು, ಹುಳು ಹತ್ತಿದ ಗಿಡಗಳನ್ನು ಕಿತ್ತು ನಾಶಮಾಡಿದರು, ಕಾಡುಗಳ್ಳಿಗಳ ನಡುವೆ ಓಡಾಡುತ್ತ ಆ ಬಾಗಿದ ಮುಳ್ಳಿಗಾಗಿ ಹುಡುಕಿದರು. 2009ರ ಹೊತ್ತಿಗೆ ಎರಡು ದ್ವೀಪಗಳಲ್ಲೂ ಪತಂಗ ಉಳಿದಿರಲಿಲ್ಲ. ಅತ್ತ ಅಮೆರಿಕದ ಕರಾವಳಿಯಲ್ಲಿ ಅದು ನೆಲೆಯೂರಿ ಎಷ್ಟೋ ವರ್ಷವಾಗಿತ್ತು. ಅಲ್ಲಿ ಅದನ್ನು ತಡೆಯುವ ಕೆಲಸ ಇನ್ನೂ ಮುಗಿದಿಲ್ಲ.