ಬಿ.ಪಿ. ಇಳಿದ ಮೇಲೂ ಕಿಡ್ನಿ ಸೊರಗುವುದೇಕೆ?

"ಡಾಕ್ಟ್ರೇ, ಬಿ.ಪಿ. ನಾರ್ಮಲ್ ಆಗಿ ವರ್ಷವಾಯ್ತು. ಮತ್ಯಾಕೆ ಕ್ರಿಯಾಟಿನಿನ್ ಏರ್ತಾನೇ ಇದೆ?"

ಕೇಳಿದವರಿಗೆ ಐವತ್ತರ ಆಸುಪಾಸು. ರೋಗ ಗೊತ್ತಾದ ದಿನ ಅವರ ರಕ್ತದೊತ್ತಡ 190/110 ಇತ್ತಂತೆ. ಬೇರೆಡೆ ಚಿಕಿತ್ಸೆ ಪಡೆದು 130ರ ಕೆಳಗೆ ತಂದುಕೊಂಡಿದ್ದರು. ಮನೆಯಲ್ಲಿ ದಿನವೂ ಅಳೆದು ಬರೆದಿಟ್ಟ ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿಟ್ಟರು. ಒಂದು ದಿನವೂ ತಪ್ಪಿರಲಿಲ್ಲ. ಆದರೂ ಕಿಡ್ನಿ ಹೊರಹಾಕಬೇಕಾದ ಕಸವಾದ ಕ್ರಿಯಾಟಿನಿನ್ ರಕ್ತದಲ್ಲಿ 1.6ರಿಂದ 1.9ಕ್ಕೆ ಬಂದಿತ್ತು, ರಕ್ತದಲ್ಲೇ ಉಳಿಯಬೇಕಾದ ಆಲ್ಬುಮಿನ್ ಎಂಬ ಪ್ರೋಟೀನ್ ಮೂತ್ರದಲ್ಲಿ ಧಾರಾಳವಾಗಿ ಹೋಗುತ್ತಿತ್ತು. ಹೇಳಿದ್ದನ್ನೆಲ್ಲ ಪಾಲಿಸಿದವರಿಗೆ ಹೀಗಾದಾಗ ಆಗುವ ಬೇಸರ ಸಣ್ಣದಲ್ಲ. ಅವರಿಗೆ ಸರಿಯಾದ ಉತ್ತರ ಕೊಡಲೇಬೇಕು.

ಒತ್ತಡದಿಂದ ಕಿಡ್ನಿ ಕೆಡುವುದನ್ನು ನಾವು ವೈದ್ಯರು ಸಾಮಾನ್ಯವಾಗಿ ಕೊಳಾಯಿಯ ಹೋಲಿಕೆ ಕೊಟ್ಟು ವಿವರಿಸುತ್ತೇವೆ. ನೀರಿನ ರಭಸ ಹೆಚ್ಚಾದರೆ ಪೈಪು ಸವೆಯುತ್ತದೆ, ಅಷ್ಟೇ ಎಂದು. ಅದು ಸುಳ್ಳಲ್ಲ. ಹೃದಯ ಹೊರದೂಡುವ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲು ಈ ಎರಡು ಅಂಗಗಳಿಗೇ ಹೋಗುತ್ತದೆ. ದಿನಕ್ಕೆ ಹತ್ತಿರ ಹತ್ತಿರ 180 ಲೀಟರ್ ದ್ರವ ಅಲ್ಲಿ ಸೋಸಿ ಇಳಿಯುತ್ತದೆ. ಸೋಸುವುದು ಸೋಸುಗಂಟುಗಳೆಂಬ ಅತಿ ಸಣ್ಣ ರಕ್ತನಾಳಗಳ ಗಂಟುಗಳು. ಪ್ರತಿ ಸೋಸುಗಂಟಿನ ಮುಂದೆಯೂ ಒಂದು ಕಿರುಧಮನಿ ಕಾವಲು ನಿಂತು, ಒಳಗಿನ ಒತ್ತಡ ಹದ ತಪ್ಪದಂತೆ ನೋಡಿಕೊಳ್ಳುತ್ತದೆ. ವರ್ಷಾನುಗಟ್ಟಲೆ ಒತ್ತಡ ತಡೆದ ಆ ಗೋಡೆ ದಪ್ಪಗಾಗಿ ಗಡುಸಾಗುತ್ತದೆ. ಮುಂದಿನ ಭಾಗಕ್ಕೆ ಒಮ್ಮೆ ರಕ್ತ ಸಾಲದು, ಇನ್ನೊಮ್ಮೆ ತಡೆಯಿಲ್ಲದೆ ನುಗ್ಗುತ್ತದೆ. ಆದರೆ ಕೊಳಾಯಿಯ ಕಥೆ ಇಷ್ಟೇ ಆಗಿದ್ದರೆ, ರಭಸ ಇಳಿದ ಮೇಲೆ ಸವೆತವೂ ನಿಲ್ಲಬೇಕಿತ್ತು.

ಅವರ ಬಯಾಪ್ಸಿ ಮಾಡಿಸಿದೆವು. ಸಿಕ್ಕುವುದು ದಾರದಷ್ಟು ತೆಳುವಾದ, ಒಂದೆರಡು ಸೆಂಟಿಮೀಟರ್ ಉದ್ದದ ಕಿಡ್ನಿಯ ಎಳೆ. ಸೂಕ್ಷ್ಮದರ್ಶಕದ ಕೆಳಗೆ ಕಿರುಧಮನಿಗಳ ಗೋಡೆಯಲ್ಲಿ ಗುಲಾಬಿ ಬಣ್ಣದ, ಗಾಜಿನಂಥ ವಸ್ತು ತುಂಬಿತ್ತು. ಕೆಲವು ಸೋಸುಗಂಟುಗಳು ಮುದುಡಿ ಉಂಡೆಯಾಗಿದ್ದವು. ಇದು ನಿರೀಕ್ಷಿಸಿದ್ದೇ. ನನ್ನ ಕಣ್ಣು ನಿಂತದ್ದು ಸೋಸಿದ ದ್ರವ ಹರಿಯುವ ಮೂತ್ರನಾಳಿಕೆಗಳ ನಡುವಿನ ಜಾಗದಲ್ಲಿ. ಆರೋಗ್ಯವಂತ ಕಿಡ್ನಿಯಲ್ಲಿ ನಾಳಿಕೆಗಳು ಒಂದಕ್ಕೊಂದು ಬೆನ್ನು ತಾಗಿಸಿಕೊಂಡಿರುತ್ತವೆ, ನಡುವೆ ಜಾಗವೇ ಕಾಣುವುದಿಲ್ಲ. ಇಲ್ಲಿ ಅವು ದೂರ ಸರಿದಿದ್ದವು, ಸಂದಿನಲ್ಲಿ ಕಡುನೀಲಿ ಚುಕ್ಕಿಗಳು ಗುಂಪುಗಟ್ಟಿದ್ದವು. ಲಿಂಫೋಸೈಟ್‌ಗಳು, ಅವುಗಳ ಪಕ್ಕದಲ್ಲಿ ಮ್ಯಾಕ್ರೋಫೇಜ್‌ಗಳು. ಸೋಂಕು ಬಂದಾಗ ಓಡಿ ಬರಬೇಕಾದ ರೋಗನಿರೋಧಕ ಕೋಶಗಳಿವು. ಇಲ್ಲಿ ಸೋಂಕೇ ಇರಲಿಲ್ಲ. ಇವನ್ನು ಕರೆದವರಾರು?

ಕರೆದದ್ದು ಕಿಡ್ನಿಯೇ. ರಕ್ತ ಸಾಲದೆ ಆಮ್ಲಜನಕಕ್ಕೆ ಬಾಯಿಬಿಡುವ ನಾಳಿಕೆಯ ಕೋಶಗಳು, ಸೋರಿ ಬಂದ ಆಲ್ಬುಮಿನ್ ಹೀರಿ ಬಳಲಿದ ಕೋಶಗಳು ಎಂಸಿಪಿ-1 ಎಂಬ ಪ್ರೋಟೀನನ್ನು ಹೊರಬಿಡುತ್ತವೆ. ಅದರ ಜಾಡು ಹಿಡಿದು ರಕ್ತದಿಂದ, ಮುಂದೆ ಮ್ಯಾಕ್ರೋಫೇಜ್ ಆಗುವ ಮಾನೋಸೈಟ್‌ಗಳು ಒಳಬರುತ್ತವೆ. ಸತ್ತ ಕೋಶಗಳ ಚೂರುಗಳನ್ನು ಟೋಲ್ ಗ್ರಾಹಕಗಳೆಂಬ ಕೋಶದ ಕಾವಲು ಪ್ರೋಟೀನುಗಳು ರೋಗಾಣುವೆಂಬಂತೆ ಗುರುತಿಸುತ್ತವೆ. ಎನ್‌ಎಲ್‌ಆರ್‌ಪಿ3 ಎಂಬ ಒಳಗಿನ ಯಂತ್ರ ಜೋಡಣೆಗೊಂಡು ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿಯೂತದ ಸಂದೇಶ ಪ್ರೋಟೀನನ್ನು ಅದರ ಚುರುಕಾದ ರೂಪಕ್ಕೆ ಕತ್ತರಿಸಿ ಕೊಡುತ್ತದೆ. ಇದರ ಜೊತೆಗೆ ಆಂಜಿಯೊಟೆನ್ಸಿನ್-2. ಇದನ್ನು ರಕ್ತನಾಳ ಬಿಗಿಯುವ ಹಾರ್ಮೋನ್ ಎಂದಷ್ಟೇ ಎಲ್ಲರೂ ಬಲ್ಲರು. ಕೋಶದೊಳಗೆ ಎನ್‌ಎಫ್-ಕಪ್ಪಾ-ಬಿ ಎಂಬ ಉರಿಯೂತದ ಗುಂಡಿಯನ್ನು ಒತ್ತುವುದೂ ಇದೇ. ಈ ಮಾತನ್ನು ಗಮನದಲ್ಲಿಡಿ, ಮುಂದೆ ಬೇಕಾಗುತ್ತದೆ.

ಹೀಗೆ ಬಂದ ಕೋಶಗಳು ಸುಮ್ಮನೆ ಕೂರುವುದಿಲ್ಲ, ಒತ್ತಡವನ್ನೇ ಏರಿಸುತ್ತವೆ. 1964ರಷ್ಟು ಹಿಂದೆಯೇ ಇದರ ಸುಳಿವು ಸಿಕ್ಕಿತ್ತು: ಕಿಡ್ನಿಗೆ ಹಾನಿ ಮಾಡಿ ಬಿ.ಪಿ. ಬರಿಸಿದ ಇಲಿಗಳಿಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಕೊಟ್ಟಾಗ ಒತ್ತಡ ತಗ್ಗಿತ್ತು. ಆದರೆ ಆ ಎಳೆಯನ್ನು ದಶಕಗಳ ಕಾಲ ಹೆಚ್ಚಿನವರು ಕೈಗೆತ್ತಿಕೊಳ್ಳಲಿಲ್ಲ. 2007ರಲ್ಲಿ ಅಮೆರಿಕದ ಡೇವಿಡ್ ಹ್ಯಾರಿಸನ್ ಅವರ ತಂಡ, ಹುಟ್ಟಿನಿಂದಲೇ ಟಿ ಮತ್ತು ಬಿ ಲಿಂಫೋಸೈಟ್‌ಗಳಿಲ್ಲದ ಇಲಿಗಳಿಗೆ ಆಂಜಿಯೊಟೆನ್ಸಿನ್-2 ಕೊಟ್ಟು ನೋಡಿತು. ಒತ್ತಡ ಮಾಮೂಲಿ ಇಲಿಗಳಲ್ಲಿ ಏರುವಷ್ಟು ಏರಲಿಲ್ಲ. ಟಿ ಕೋಶಗಳನ್ನು ಹೊರಗಿನಿಂದ ಸೇರಿಸಿದಾಗ ಏರಿತು. ಮೂರು ವರ್ಷ ಕಳೆದು ಇಂಟರ್‌ಲ್ಯೂಕಿನ್-17 ಎಂಬ, ಟಿ ಕೋಶಗಳು ಹೊರಬಿಡುವ ಸಂದೇಶ ಪ್ರೋಟೀನ್ ಇಲ್ಲದ ಇಲಿಗಳ ಮೇಲೆ ಇದೇ ಪ್ರಯೋಗ ನಡೆಯಿತು. ಒತ್ತಡ ಆರಂಭದಲ್ಲಿ ಏರಿತು, ಆದರೆ ಆ ಮಟ್ಟದಲ್ಲಿ ನಿಲ್ಲಲಿಲ್ಲ. ನನಗೆ ಬಹಳ ಮುಖ್ಯವೆನಿಸುವುದು ಈ ಎರಡನೆಯ ಫಲಿತಾಂಶ. ಒತ್ತಡವನ್ನು ಏರಿಸುವುದು ಒಂದು ಕೆಲಸ, ಏರಿದ್ದನ್ನು ಹಿಡಿದು ನಿಲ್ಲಿಸುವುದು ಇನ್ನೊಂದು. ಈ ಪ್ರೋಟೀನುಗಳು ಎರಡನೆಯ ಕೆಲಸಕ್ಕೆ ನಿಂತಂತಿವೆ. ನಾಳಿಕೆಗಳು ಮೂತ್ರಕ್ಕೆ ಬಿಡಬೇಕಾದ ಸೋಡಿಯಂ ಅನ್ನು ಮರಳಿ ಹೀರುವಂತೆ ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-17, ಇಂಟರ್‌ಫೆರಾನ್ ಗಾಮಾ ಪ್ರಚೋದಿಸುತ್ತವೆ ಎಂದು ಇಲಿಗಳಲ್ಲಿ ಕಂಡುಬಂದಿದೆ. ಒಳಗುಳಿದ ಉಪ್ಪಿನಿಂದ ಒತ್ತಡ, ಒತ್ತಡದಿಂದ ಹಾನಿ, ಹಾನಿಯಿಂದ ಮತ್ತೆ ಅದೇ ಕರೆ.

ಕೊನೆಗೆ ಬರುವುದು ಟಿಜಿಎಫ್-ಬೀಟಾ ಎಂಬ ಇನ್ನೊಂದು ಸಂದೇಶ ಪ್ರೋಟೀನ್. ಇದನ್ನು ಖಳನೆನ್ನಲು ನನಗೆ ಮನಸ್ಸಾಗುವುದಿಲ್ಲ. ಗಾಯ ಮಾಯಲು ಇದು ಬೇಕು, ಟಿ ಕೋಶಗಳ ಆರ್ಭಟಕ್ಕೆ ಕಡಿವಾಣ ಹಾಕುವುದೂ ಇದೇ. ಆದರೆ ಗಾಯ ದಿನವೂ ಆಗುತ್ತಲೇ ಇದ್ದರೆ ಇದು ನಾರು ಹೆಣೆಯುವುದನ್ನು ನಿಲ್ಲಿಸುವುದಿಲ್ಲ. ನಾಳಿಕೆಗಳ ನಡುವಿನ ಆ ನಾರು ಎಷ್ಟಿದೆ ಎಂಬುದು ಕಿಡ್ನಿಯ ಮುಂದಿನ ಗತಿಯನ್ನು ಸೋಸುಗಂಟುಗಳ ಸ್ಥಿತಿಗಿಂತ ಚೆನ್ನಾಗಿ ತಿಳಿಸುತ್ತದೆ.

ಇಲ್ಲಿ ಒಂದು ಪಕ್ಕದ ಮಾತು. 'ಬಿ.ಪಿ.ಯಿಂದ ಕೆಟ್ಟ ಕಿಡ್ನಿ' ಎಂಬ ಹಣೆಪಟ್ಟಿಯನ್ನು ನಾವು ಬಯಾಪ್ಸಿ ಇಲ್ಲದೆಯೇ ಅಂಟಿಸಿಬಿಡುತ್ತೇವೆ. ಪಶ್ಚಿಮ ಆಫ್ರಿಕಾ ಮೂಲದ ಅಮೆರಿಕನ್ನರಲ್ಲಿ ದಶಕಗಳ ಕಾಲ ಹೀಗೇ ಆಗಿತ್ತು. 2010ರಲ್ಲಿ ಎಪಿಒಎಲ್1 ಎಂಬ ಜೀನ್ ಇದರಲ್ಲಿ ವಹಿಸುವ ಪಾತ್ರ ಬೆಳಕಿಗೆ ಬಂತು. ಅದರ ಪ್ರೋಟೀನ್ ನಿದ್ರಾರೋಗ ತರುವ ಟ್ರಿಪನೊಸೋಮ್ ಪರಾವಲಂಬಿಯನ್ನು ಕೊಲ್ಲುವ ರಕ್ಷಣಾ ಪ್ರೋಟೀನ್. ಅದರ ಕೆಲವು ರೂಪಗಳನ್ನು ತಂದೆ, ತಾಯಿ ಇಬ್ಬರಿಂದಲೂ ಪಡೆದವರಲ್ಲಿ ಅದೇ ಪ್ರೋಟೀನ್ ಕಿಡ್ನಿಗೆ ಕಂಟಕ. ಇಂಟರ್‌ಫೆರಾನ್ ಏರಿದಾಗ ಅದರ ಉತ್ಪಾದನೆಯೂ ಏರುತ್ತದೆ. ಅಂಥ ಅನೇಕರಲ್ಲಿ ಮೊದಲು ಕೆಟ್ಟದ್ದು ಕಿಡ್ನಿ, ಬಿ.ಪಿ. ಬಂದದ್ದು ಆಮೇಲೆ.

'ಉರಿಯೂತ' ಎಂಬ ಪದ ನನ್ನ ಬಾಯಿಂದ ಬೀಳುತ್ತಿದ್ದಂತೆ ಅವರು ಕೇಳಿದರು: "ಹಾಗಾದ್ರೆ ಉರಿಯೂತ ಇಳಿಸೋ ಮಾತ್ರೆ ತಗೋಬಹುದಲ್ವಾ? ಮೊಣಕಾಲಿಗೆ ತಗೋತೀನಲ್ಲ, ಅದು?" ನಾನು ಈ ಅಂಕಣ ಬರೆಯಲು ಮುಖ್ಯ ಕಾರಣ ಈ ಪ್ರಶ್ನೆ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ತಡೆಯುವುದು ಪ್ರೋಸ್ಟಗ್ಲಾಂಡಿನ್‌ಗಳನ್ನು. ಸೋಸುಗಂಟಿನ ಮುಂದಿನ ಕಿರುಧಮನಿ ತೆರೆದಿರುವುದು ಅವುಗಳ ಆಸರೆಯಿಂದ, ಅದರಲ್ಲೂ ಬಳಲಿದ ಕಿಡ್ನಿಯಲ್ಲಿ. ಮಾತ್ರೆ ನುಂಗಿದರೆ ಆ ಬಾಗಿಲು ಬಿಗಿಯುತ್ತದೆ, ಉಪ್ಪು ಒಳಗುಳಿಯುತ್ತದೆ, ಬಿ.ಪಿ. ಏರುತ್ತದೆ. ನಾನು ಹೇಳುತ್ತಿರುವ ಉರಿಯೂತಕ್ಕೆ ಅವು ಮದ್ದಲ್ಲ. ಸ್ಟೀರಾಯ್ಡ್ ಕೂಡ ಒತ್ತಡ ಏರಿಸುತ್ತದೆ. ಟಿ ಕೋಶಗಳನ್ನು ಕಟ್ಟಿಹಾಕುವ ಸೈಕ್ಲೊಸ್ಪೋರಿನ್‌ನದೂ ಅದೇ ಕಥೆ.

ಹಾಗಾದರೆ ಒಂದೇ ಪ್ರೋಟೀನನ್ನು ಗುರಿಯಿಟ್ಟು ತಡೆದರೆ? 2017ರಲ್ಲಿ ಪ್ರಕಟವಾದ ಕ್ಯಾಂಟೋಸ್ ಪ್ರಯೋಗದಲ್ಲಿ, ಹೃದಯಾಘಾತವಾಗಿದ್ದ ಹತ್ತು ಸಾವಿರಕ್ಕೂ ಹೆಚ್ಚು ಜನರಲ್ಲಿ ಇಂಟರ್‌ಲ್ಯೂಕಿನ್-1 ಬೀಟಾ ತಡೆಯುವ ಕ್ಯಾನಕಿನುಮ್ಯಾಬ್ ಪರೀಕ್ಷಿಸಿದರು. ಹೃದಯದ ತೊಂದರೆಗಳು ಕಡಿಮೆಯಾದವು, ರಕ್ತದೊತ್ತಡ ಮಾತ್ರ ಇಳಿಯಲಿಲ್ಲ, ಪ್ರಾಣಾಂತಕ ಸೋಂಕುಗಳು ಹೆಚ್ಚಿದವು. ಇಲಿಯಲ್ಲಿ ಕಂಡದ್ದನ್ನು ಮನುಷ್ಯರಿಗೆ ಭರವಸೆಯಾಗಿ ಹಂಚುವ ಮುನ್ನ ಈ ಫಲಿತಾಂಶ ನೆನಪಿಸಿಕೊಳ್ಳುತ್ತೇನೆ.

ನಮ್ಮ ಕೈಯಲ್ಲಿರುವುದು ಹಳೆಯ ಔಷಧಗಳ ಸರಿಯಾದ ಆಯ್ಕೆ. ಅವರ ಹಳೆಯ ಚೀಟಿಗಳನ್ನು ತಿರುವಿದಾಗ ಕಾರಣವೊಂದು ಸಿಕ್ಕಿತು. ಮೊದಲು ಆಂಜಿಯೊಟೆನ್ಸಿನ್-2ರ ಕೆಲಸ ತಡೆಯುವ ಲೊಸಾರ್ಟಾನ್ ಶುರುವಾಗಿತ್ತು. ಕ್ರಿಯಾಟಿನಿನ್ ಸ್ವಲ್ಪ ಏರಿತೆಂದು ಎರಡೇ ವಾರದಲ್ಲಿ ನಿಲ್ಲಿಸಿ ಬೇರೆ ಮಾತ್ರೆ ಬರೆದಿದ್ದರು. ಈ ಗುಂಪಿನ ಔಷಧ ಸೋಸುಗಂಟಿನೊಳಗಿನ ಒತ್ತಡ ಇಳಿಸುವುದರಿಂದ ಕ್ರಿಯಾಟಿನಿನ್ ಆರಂಭದಲ್ಲಿ ತುಸು ಏರಿ ನಿಲ್ಲುವುದು ಸಹಜ. ಶೇ 30ರ ಒಳಗಿದ್ದರೆ ಸಾಮಾನ್ಯವಾಗಿ ನಿಲ್ಲಿಸಬೇಕಿಲ್ಲ. ಬದಲಿ ಮಾತ್ರೆಗಳು ತೋಳಿನ ಬಿ.ಪಿ.ಯನ್ನು ಅಷ್ಟೇ ಚೆನ್ನಾಗಿ ಇಳಿಸಿದವು. ಕಿಡ್ನಿಯೊಳಗೆ ಆಂಜಿಯೊಟೆನ್ಸಿನ್ ಒತ್ತುತ್ತಿದ್ದ ಆ ಗುಂಡಿಯ ಮೇಲಿನ ಬೆರಳನ್ನು ಮಾತ್ರ ತೆಗೆಯಲಿಲ್ಲ.

ಲೊಸಾರ್ಟಾನ್ ಮತ್ತೆ ಶುರು ಮಾಡಿ, ಎರಡು ವಾರಕ್ಕೆ ಪೊಟ್ಯಾಸಿಯಂ ನೋಡಿದೆವು. ಮಧುಮೇಹವಿಲ್ಲದ ಕಿಡ್ನಿ ರೋಗಿಗಳಿಗೂ ನೆರವಾಗುತ್ತದೆಂದು 2020ರ ಡಾಪಾ-ಸಿಕೆಡಿ ಪ್ರಯೋಗ ತೋರಿಸಿದ ಡಾಪಾಗ್ಲಿಫ್ಲೋಜಿನ್ ಎಂಬ ಮಧುಮೇಹದ ಮಾತ್ರೆ ಸೇರಿಸಿದೆವು. ಮೊಣಕಾಲಿನ ಮಾತ್ರೆ ನಿಲ್ಲಿಸಿದರು, ಉಪ್ಪು ತಗ್ಗಿಸಿದರು. ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ 30 ದಾಟಬಾರದು, ಅವರದು 640 ಇತ್ತು. ಆರು ತಿಂಗಳಿಗೆ 210ಕ್ಕೆ ಇಳಿಯಿತು. ಕ್ರಿಯಾಟಿನಿನ್ 2.0ರಲ್ಲಿ ನಿಂತಿದೆ.

"1.6ಕ್ಕೆ ವಾಪಸ್ ಬರಲ್ವಾ?" ಎಂದು ಕಳೆದ ಸಲ ಕೇಳಿದರು. ನಾರಾಗಿ ಹೋದ ಭಾಗ ಮರಳುವುದಿಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಪುಸ್ತಕ ತೆರೆದು, ಬಿ.ಪಿ.ಯ ಪಕ್ಕದಲ್ಲಿ ಗೆರೆ ಎಳೆದು ಇನ್ನೊಂದು ಕಾಲಂ ಮಾಡಿಕೊಂಡರು. ಅದರ ತಲೆಗೆ 'ಆಲ್ಬುಮಿನ್' ಎಂದು ಬರೆದು, ಮುಂದಿನ ಪರೀಕ್ಷೆ ಯಾವಾಗ ಎಂದು ಕೇಳಿದರು.