ಸೆನ್ಸರ್ ಕೋಡ್ ಬಂದರೆ ಬೋರ್ಡ್ ಬದಲಿಸಲೇಬೇಕಾ?

ಪ್ರಶ್ನೆ: ಮಳೆ ಹಿಡಿದಾಗಿನಿಂದ ನಮ್ಮ ಇನ್ವರ್ಟರ್ ವಾಷಿಂಗ್ ಮೆಷಿನ್ ಅರ್ಧಕ್ಕೇ ನಿಂತು ಕೋಡ್ ತೋರಿಸುತ್ತಿದೆ. ಪುಸ್ತಕದಲ್ಲಿ ನೋಡಿದರೆ ಮೋಟರ್ ಪವರ್ ಮಾಡ್ಯೂಲ್ ಸೆನ್ಸರ್ ದೋಷ ಎಂದಿದೆ. ರಿಪೇರಿಯವರು ಕೋಡ್ ನೋಡಿದವರೇ ‘ಬೋರ್ಡ್ ಹೋಗಿದೆ, ಹೊಸದು ಹಾಕಬೇಕು’ ಎಂದರು. ಹಾಕಿಸಲೇ? (ಕೊಡಗಿನ ನಾಪೋಕ್ಲಿನ ಓದುಗರು)

ಉತ್ತರ: ಈಗಲೇ ಬೇಡ. ಜೂನ್ ಬಂತೆಂದರೆ ಇದೇ ಪ್ರಶ್ನೆ, ನನ್ನದೂ ಇದೇ ಉತ್ತರ. ಆದರೂ ಬೋರ್ಡ್ ಬದಲಿಸಿದ ಮೇಲೆ ಕೇಳುವವರೇ ಹೆಚ್ಚು.

ಮನೆಗೆ ಬರುವ 230 ವೋಲ್ಟ್ ಎಸಿ, ಮೆಷಿನ್ ನಡೆಸುವ ಸರ್ಕ್ಯೂಟ್ ಬೋರ್ಡಿನೊಳಗೆ ಸುಮಾರು 325 ವೋಲ್ಟ್ ಡಿಸಿ ಆಗುತ್ತದೆ. ಅದೇ ಬೋರ್ಡಿನ ಪವರ್ ಮಾಡ್ಯೂಲಿನ ಆರು ಸ್ವಿಚ್‌ಗಳು ಅದನ್ನು ಮೋಟರಿನ ಮೂರು ವೈಂಡಿಂಗ್‌ಗೆ (ತಂತಿ ಸುರುಳಿಗೆ) ಸರದಿಯಂತೆ ಹಂಚುತ್ತವೆ. ಎಷ್ಟು ಕರೆಂಟ್ ಹೋಗುತ್ತಿದೆ, ಮಾಡ್ಯೂಲ್ ಎಷ್ಟು ಬಿಸಿಯಾಗಿದೆ ಎಂದು ನೋಡಿಕೊಳ್ಳಲು ಸೆನ್ಸರ್‌ಗಳಿವೆ. ಎಷ್ಟೋ ಮೆಷಿನ್‌ಗಳಲ್ಲಿ ರೋಟರ್, ಅಂದರೆ ಮೋಟರಿನ ತಿರುಗುವ ಭಾಗ, ಎಲ್ಲಿದೆ ಎಂದು ತಿಳಿಸಲು ಮೋಟರಿನ ಪಕ್ಕದಲ್ಲೇ ಹಾಲ್ ಸೆನ್ಸರ್ (ಆಯಸ್ಕಾಂತ ಗುರುತಿಸುವ ಸೆನ್ಸರ್) ಕೂಡ ಇರುತ್ತದೆ. ಇವುಗಳ ಲೆಕ್ಕ ತಾಳೆಯಾಗದಿದ್ದರೆ ಬೋರ್ಡ್ ಮೋಟರನ್ನು ನಿಲ್ಲಿಸಿ ಕೋಡ್ ಹಾಕುತ್ತದೆ.

ಈಗ ಆ ಹಠಮಾರಿ ನಂಬಿಕೆಗೆ ಬರೋಣ: ‘ಕೋಡ್ ಯಾವುದರ ಹೆಸರು ಹೇಳುತ್ತದೋ ಅದೇ ಸುಟ್ಟಿದೆ.’ ಇದು ದೂರು ಕೊಡಲು ಬಂದವನನ್ನೇ ಲಾಕಪ್ಪಿಗೆ ತಳ್ಳಿದ ಹಾಗೆ. ಮಾಡ್ಯೂಲ್‌ಗೆ ಕರೆಂಟ್ ಜಾಸ್ತಿ ಕಂಡಿತು, ಸರಿ. ಜಾಸ್ತಿ ಎಳೆದವರು ಯಾರು? ಬಿಗಿದುಕೊಂಡ ಬೇರಿಂಗ್ ಇರಬಹುದು, ನೀರಿಳಿದ ಮೋಟರ್ ಇರಬಹುದು, ಇಲಿ ಕಡಿದ ವೈರ್ ಇರಬಹುದು. ವೈರ್ ಜೋಡಿಸುವ ಕನೆಕ್ಟರಿನ ಪಿನ್‌ಗೆ ಹಸಿರು ಕಿಲುಬು ಹಿಡಿದು ಸೆನ್ಸರಿನ ಸಿಗ್ನಲ್ ಬೋರ್ಡಿಗೆ ತಲುಪದಿದ್ದರೂ ದೋಷ ಸೆನ್ಸರಿನದೇ ಎಂದು ಅದು ಬರೆದುಕೊಳ್ಳುತ್ತದೆ. ಕೊಡಗಿನಲ್ಲಿ ಮೆಷಿನ್ ಇರುವುದು ಹಿಂದಿನ ಜಗಲಿಯಲ್ಲಿ. ಮೂರು ತಿಂಗಳು ಗೋಡೆಯೇ ಬೆವರುವಾಗ ಕನೆಕ್ಟರ್ ಒಣಗಿರುತ್ತದೆಯೇ?

‘ಹೊಸ ಬೋರ್ಡ್ ಹಾಕಿದ ಮೇಲೆ ಸರಿಯಾಯಿತಲ್ಲ ಸರ್’ ಎನ್ನುತ್ತಾರೆ. ಆಗಿಯೇ ಆಗುತ್ತದೆ! ಬೋರ್ಡ್ ಬದಲಿಸುವಾಗ ಎಲ್ಲ ಕನೆಕ್ಟರ್ ಕಿತ್ತು ಮತ್ತೆ ಒತ್ತಿ ಕೂರಿಸುತ್ತಾರೆ. ಆ ತಿಕ್ಕಾಟಕ್ಕೇ ಪಿನ್ನಿನ ಕಿಲುಬು ಹೋಗಿರುತ್ತದೆ. ಅನುಮಾನವಿದ್ದರೆ ಹಳೆಯ ಬೋರ್ಡನ್ನೇ ಮತ್ತೊಮ್ಮೆ ಹಾಕಿಸಿ ನೋಡಿ. ಅದೂ ಓಡಿದರೆ ದುಡ್ಡು ಹೋದದ್ದು ಎಲ್ಲಿಗೆಂದು ಗೊತ್ತಾಗುತ್ತದೆ. ಕಿಲುಬು ಪೂರ್ತಿ ಹೋಗಿರದಿದ್ದರೆ ಮುಂದಿನ ಮಳೆಗಾಲಕ್ಕೆ ಅದೇ ಕೋಡ್ ಹಾಜರ್.

ಕೋಡ್ ಯಾವಾಗ ಬರುತ್ತದೆ ಎಂಬುದನ್ನು ಗಮನಿಸಿ. ಡ್ರಮ್ ಅಲುಗುವ ಮೊದಲೇ ಬಂದರೆ ಅನುಮಾನ ಕನೆಕ್ಟರ್, ವೈರ್, ಸೆನ್ಸರ್, ಕೊನೆಗೆ ಮಾಡ್ಯೂಲ್ ಮೇಲೆ. ಸ್ಪಿನ್ ಏರುವಾಗ ಬಂದರೆ ಲೋಡ್ ಮತ್ತು ಬೇರಿಂಗ್ ನೋಡಿ. ಬಹಳ ಹೊತ್ತು ಓಡಿದ ಮೇಲೆ ಬಂದರೆ ಬಿಸಿ. ಸಂಜೆ ಮಾತ್ರ ಬರುವುದಾದರೆ ಆ ಹೊತ್ತಿಗೆ ವೋಲ್ಟೇಜ್ ಅಳೆಯಿರಿ. ಫೆಬ್ರವರಿ–ಮಾರ್ಚಿನಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ತಡವಾಗಿ ಸುತ್ತಲಿನ ತೋಟಗಳಲ್ಲಿ ಸ್ಪ್ರಿಂಕ್ಲರ್ ಮೋಟರ್ ಓಡಿ ವೋಲ್ಟೇಜ್ ಇಳಿದಾಗ ಮಾತ್ರ ನಿಲ್ಲುವ ಮೆಷಿನ್‌ಗೆ ಹೊಸ ಬೋರ್ಡ್ ಏನು ಮಾಡೀತು?

ಪರೀಕ್ಷೆ ಹೀಗೆ. ಪ್ಲಗ್ ಕಿತ್ತು ಹತ್ತು ನಿಮಿಷ ಬಿಡಿ. ಪ್ಲಗ್ ಕಿತ್ತ ಮೇಲೂ ಬೋರ್ಡಿನ ದೊಡ್ಡ ಕ್ಯಾಪಾಸಿಟರ್‌ನಲ್ಲಿ ಆ 325 ವೋಲ್ಟ್ ಉಳಿದಿರಬಹುದು. ಮೀಟರ್ ಸೊನ್ನೆ ತೋರಿಸದೆ ಕೈ ಹಾಕಬಾರದು. ಮೋಟರ್ ಕನೆಕ್ಟರ್ ಬಿಚ್ಚಿ, ಮೂರು ವೈರ್‌ಗಳಲ್ಲಿ ಎರಡೆರಡರ ನಡುವೆ ಓಮ್ ಅಳೆದರೆ ಮೂರೂ ಸಲ ಹೆಚ್ಚುಕಡಿಮೆ ಒಂದೇ ಅಂಕಿ ಬರಬೇಕು. ಮೆಷಿನ್ನಿನ ಲೋಹದ ಮೈಗೆ ಯಾವ ವೈರೂ ತಾಗಿರಬಾರದು. ಮಾಡ್ಯೂಲನ್ನು ಮೀಟರಿನ ಡಯೋಡ್ ಮೋಡ್‌ನಲ್ಲಿ ನೋಡಬೇಕು: ಮೂರು ಔಟ್‌ಪುಟ್‌ಗಳಿಂದ ಡಿಸಿ ಪ್ಲಸ್‌ಗೂ ಮೈನಸ್‌ಗೂ ಒಂದು ದಿಕ್ಕಿನಲ್ಲಿ 0.4–0.6 ವೋಲ್ಟಿನ ಆಸುಪಾಸು, ತಿರುಗಿಸಿ ಹಿಡಿದರೆ ಓಪನ್. ಮೀಟರ್ ಬೀಪ್ ಎಂದರೆ ಮಾಡ್ಯೂಲ್ ಶಾರ್ಟ್. ಆಗ ಬೋರ್ಡ್ ಬದಲಿಸಿ, ನನ್ನ ತಕರಾರಿಲ್ಲ. ಹಾಲ್ ಸೆನ್ಸರ್ ಪರೀಕ್ಷೆಗೆ ಕರೆಂಟ್ ಹಾಕಿ ಡ್ರಮ್ ಕೈಯಲ್ಲಿ ತಿರುಗಿಸಬೇಕಾಗುತ್ತದೆ. ಅದನ್ನು ಕಸುಬುದಾರರಿಗೇ ಬಿಡಿ; ಎಷ್ಟೋ ಬೋರ್ಡ್‌ಗಳಲ್ಲಿ ಸೆನ್ಸರಿಗೆ ಹೋಗುವ 5 ವೋಲ್ಟ್ ಸಾಲಿಗೂ ಮನೆಯ 230 ವೋಲ್ಟಿಗೂ ನಡುವೆ ತಡೆ ಇರುವುದಿಲ್ಲ, ಮುಟ್ಟಿದರೆ ಶಾಕ್.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ: ರೇನ್‌ಕೋಟ್, ಟಾರ್ಪಾಲ್ ಮೆಷಿನ್‌ಗೆ ಹಾಕಬೇಡಿ. ತೋಟದಿಂದ ಬಂದ ಕೆಸರು ಕೋಟನ್ನು ಬಟ್ಟೆಯ ಜೊತೆ ತುರುಕುವ ಮನೆಗಳು ಬಹಳ. ನೀರು ಸೋಸದ ಬಟ್ಟೆ ಮಡಿಕೆಯಲ್ಲಿ ನೀರು ಹಿಡಿದಿಟ್ಟುಕೊಳ್ಳುತ್ತದೆ. ಸ್ಪಿನ್ ಏರಿದಾಗ ಅದು ಒಂದೇ ಕಡೆ ವಾಲಿ, ಮೆಷಿನ್ ಕುಣಿದು, ಮೋಟರ್ ಕರೆಂಟ್ ಎಳೆದು, ಮತ್ತದೇ ಕೋಡ್. ಸರಿಯಾಗಿ ಕುಣಿದರೆ ಮೆಷಿನ್ ಒಡೆದೂ ಹೋಗಬಹುದು. ಕೋಟನ್ನು ಹಿತ್ತಲ ಕಲ್ಲಿನ ಮೇಲೆ ಹರಡಿ ಬ್ರಷ್ ಹಾಕಿ, ಎರಡು ಬಕೆಟ್ ನೀರು ಸುರಿದರೆ ಸಾಕು.