ತೆಯೋತಿತ್ಲಾನ್: ಕೊಳ್ಳುವವರು ಬದಲಾದಂತೆ ಬದಲಾದ ಮಗ್ಗ

ದಕ್ಷಿಣ ಮೆಕ್ಸಿಕೋದ ವಹಾಕಾ ನಗರದಿಂದ ಪೂರ್ವಕ್ಕೆ ಸುಮಾರು 30 ಕಿಲೋಮೀಟರ್ ಹೋದರೆ ತೆಯೋತಿತ್ಲಾನ್ ದೆಲ್ ವಾಯೆ ಸಿಗುತ್ತದೆ. ಇಲ್ಲಿನ ಮೂಲನಿವಾಸಿಗಳಾದ ಝಾಪೊಟೆಕ್ ಜನರ ಊರು. ಬೀದಿಯುದ್ದಕ್ಕೂ ಮನೆಗಳ ಮುಂದೆ ಉಣ್ಣೆಯ ಜಮಖಾನಗಳು ತೂಗುತ್ತಿರುತ್ತವೆ. ಇಲ್ಲಿನ ನೇಯ್ಗೆ ಬಹಳ ಹಳೆಯದು, ಅದರಲ್ಲಿ ಅನುಮಾನವಿಲ್ಲ. ಆದರೆ ನೆಲಕ್ಕೆ ಹಾಸುವ ಜಮಖಾನ ನಿನ್ನೆ ಮೊನ್ನೆಯದು.

ಸ್ಪೇನಿನವರು ಬರುವ ಮೊದಲು ಇಲ್ಲಿ ಕುರಿಯೇ ಇರಲಿಲ್ಲ. ಸೊಂಟಕ್ಕೆ ಕಟ್ಟಿಕೊಳ್ಳುವ ಪುಟ್ಟ ಮಗ್ಗದಲ್ಲಿ ಹತ್ತಿಬಟ್ಟೆ ನೇಯುತ್ತಿದ್ದರು. ಅಜ್ಟೆಕ್ ದೊರೆಗಳಿಗೆ ಕಪ್ಪವಾಗಿ ಹೋಗುತ್ತಿದ್ದದ್ದೂ ಬಟ್ಟೆಯೇ. 16ನೇ ಶತಮಾನದಲ್ಲಿ ಪಾದ್ರಿಗಳ ಜೊತೆ ಕುರಿ ಬಂತು, ಕಾಲಲ್ಲಿ ತುಳಿಯುವ ದೊಡ್ಡ ಮಗ್ಗ ಬಂತು. ಅದರ ಮುಂದೆ ನಿಂತವರು ಗಂಡಸರು. ನೇಯ್ದದ್ದು ಕಂಬಳಿ, ಹೊದಿಕೆ.

ಇನ್ನು ಇಲ್ಲಿನ ನೇಯ್ಗೆಯ ಕೆಂಪು ಬಣ್ಣ. ಪಾಪಸುಕಳ್ಳಿಯ ಮೇಲೆ ಬೆಳೆಯುವ ಕೊಚಿನೀಲ್ ಎಂಬ ಹುಳು ಒಣಗಿದರೆ ಬೂದು ಬಣ್ಣದ ಕಾಳಿನಂತಿರುತ್ತದೆ. ಅಂಗೈಯಲ್ಲಿಟ್ಟು ಉಜ್ಜಿದರೆ ಕಡುಗೆಂಪು. ಒಂದು ಹನಿ ನಿಂಬೆರಸ ಹಿಂಡಿ, ಕಿತ್ತಳೆಗೆ ತಿರುಗುತ್ತದೆ. ಚಿಟಿಕೆ ಸೋಡಾ ಹಾಕಿ, ನೇರಳೆ. ಒಣಗಿದ್ದು ಒಂದು ಕಿಲೋ ಆಗಲು ಲಕ್ಷಕ್ಕೂ ಜಾಸ್ತಿ ಹುಳು ಬೇಕು. ಸ್ಪೇನಿಗೆ ಮೆಕ್ಸಿಕೋದಿಂದ ಬೆಳ್ಳಿ ಬಿಟ್ಟರೆ ಇದರಿಂದಲೇ ಹೆಚ್ಚು ಹಣ. ಗುಟ್ಟನ್ನು ಬಿಗಿಯಾಗಿ ಕಾಯ್ದುಕೊಂಡಿದ್ದರೂ 1777ರಲ್ಲಿ ಮೆನೊನ್‌ವಿಲ್ ಎಂಬ ಫ್ರೆಂಚ್ ಸಸ್ಯತಜ್ಞ ವಹಾಕಾದಿಂದ ಹುಳುಗಳನ್ನು ಕದ್ದೊಯ್ದ. ಈಸ್ಟ್ ಇಂಡಿಯಾ ಕಂಪನಿಗೂ ಇದರ ಮೇಲೆ ಕಣ್ಣಿತ್ತು. 1795ರಲ್ಲಿ ಭಾರತಕ್ಕೆ ಹುಳು ತರಿಸಿತು, ಬಂದದ್ದು ಮಾತ್ರ ಕಳಪೆ ಜಾತಿಯದು. 19ನೇ ಶತಮಾನದ ಕೊನೆಯರ್ಧದಲ್ಲಿ ರಾಸಾಯನಿಕ ಬಣ್ಣ ಬಂದು ಆ ವ್ಯಾಪಾರವೇ ಕುಸಿಯಿತು.

1940ರ ದಶಕದ ಕೊನೆಗೆ ಪ್ಯಾನ್ ಅಮೆರಿಕನ್ ಹೆದ್ದಾರಿ ಬಂತು, ಹಿಂದೆಯೇ ಪ್ರವಾಸಿಗಳು. ಅವರಿಗೆ ಹೊದೆಯಲು ಕಂಬಳಿ ಯಾಕೆ? ಗೋಡೆಗೆ ತೂಗಲು, ನೆಲಕ್ಕೆ ಹಾಸಲು ಏನಾದರೂ ಬೇಕಿತ್ತು. ಅದೇ ಕಾಲಕ್ಕೆ, 1942ರಿಂದ 1964ರವರೆಗೆ, ಮೆಕ್ಸಿಕೋ ಮತ್ತು ಅಮೆರಿಕದ ನಡುವಿನ ಬ್ರಸೆರೊ ಎಂಬ ಕೂಲಿ ಒಪ್ಪಂದದಡಿ ಊರಿನ ಗಂಡಸರು ಅಮೆರಿಕದ ಹೊಲಗಳಿಗೆ ಕೂಲಿಗೆ ಹೋದರು. ಖಾಲಿ ಬಿದ್ದ ದೊಡ್ಡ ಮಗ್ಗವನ್ನು ಹೆಂಗಸರು ಹಿಡಿದರು. ಮುಂದೆ ತಮ್ಮದೇ ಸಹಕಾರ ಸಂಘಗಳನ್ನೂ ಕಟ್ಟಿಕೊಂಡರು.

ಜಗಳ ಶುರುವಾದದ್ದು 1970, 80ರ ದಶಕಗಳಲ್ಲಿ. ಅಮೆರಿಕದ ವ್ಯಾಪಾರಿಗಳು ಅಲ್ಲಿನ ಮೂಲನಿವಾಸಿಗಳಾದ ನವಾಹೋ ಜನರ ವಿನ್ಯಾಸಗಳನ್ನು ತಂದು, ಇದನ್ನೇ ನೇಯ್ದುಕೊಡಿ ಅಂದರು. ಇಲ್ಲಿ ಕೂಲಿ ಕಡಿಮೆ, ಅಲ್ವಾ! ನವಾಹೋ ನೇಕಾರರ ಹೊಟ್ಟೆಗೆ ಹೊಡೆತ ಬಿತ್ತು. ಬೈಗುಳ ತಿಂದವರು ತೆಯೋತಿತ್ಲಾನಿನವರು, ದುಡ್ಡು ಮಾಡಿದವರು ಮಧ್ಯದವರು ಅನ್ನುವುದು ನನ್ನ ಲೆಕ್ಕ. 1990ರ ಅಮೆರಿಕದ ಕಾನೂನಿನ ಪ್ರಕಾರ, ಅಲ್ಲಿನ ಮೂಲನಿವಾಸಿಗಳು ಮಾಡದ್ದನ್ನು ಅವರದೇ ಅಂತ ಮಾರುವುದು ಅಪರಾಧ. ಆ ಕಾನೂನು ಹಿಡಿಯುವುದು ಸುಳ್ಳು ಹೆಸರು ಹೇಳುವವರನ್ನು. ಅದೇ ವಿನ್ಯಾಸವನ್ನು ನೇಯ್ದು, ಇದು ಝಾಪೊಟೆಕ್ ಕೆಲಸ ಅಂತ ಮಾರಿದರೆ ಅದರಲ್ಲಿ ತಪ್ಪಿಲ್ಲ.